ಬಲ ಹೆಗಲಿನ ಹೂ

ಕಳೆದ ತಿಂಗಳು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ನೋಟದ ಹರವನ್ನು ಅಳೆದರು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ದಿಟ್ಟಿಸಬೇಕು. ಸುತ್ತ ಎಲ್ಲಿಯಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಶ್ರದ್ಧೆಯಿಂದ ಒತ್ತಿದೆ. ಮುಗಿದ ಮೇಲೆ ಯಂತ್ರ ನಡೆಸುವ ಹುಡುಗಿ ಕಾಗದ ನೋಡಿ ನಕ್ಕಳು.

"ಸರ್, ಬೆಳಕು ಇಲ್ಲದಾಗೂ ಒತ್ತೀರಿ. ಭಾಳ ಸಲ."

"ನನಗ ಕಂಡಿತ್ತಲ್ರಿ."

"ಕಂಡಿರೂದಿಲ್ರಿ. ಈಗ ಬರತೈತಿ, ಈಗ ಬರತೈತಿ ಅಂತ ಕಾಯಾಕತ್ತಿರ್ತೀರಲ್ಲ, ಹಂಗಾಗಿ ಕಂಡಂಗ ಆಗತೈತಿ. ಹೊರಗ ಕೂಡ್ರಿ, ಇನ್ನೊಮ್ಮೆ ಮಾಡೂಣು."

ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ಕೈಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೇವಂತಿಗೆ ಹೂ ಇತ್ತು. ಆ ವಾಸನೆ ಸಿಹಿಯೂ ಅಲ್ಲ, ಕಹಿಯೂ ಅಲ್ಲ. ತಣ್ಣಗಿನ ಕಲ್ಲಿಗೆ ಅಂಟಿದ ಹಸಿ ಎಲೆಯ ವಾಸನೆ. ಅದು ಮೂಗಿಗೆ ಬಡಿದದ್ದೇ ನನ್ನ ಬೆರಳ ತುದಿ ತಂಪಾಯಿತು. ಮೂಗಿಗೆ ಬಂದ ವಾಸನೆ ಬೆರಳಿಗೆ ಏಕೆ ಇಳಿಯಬೇಕು ಎಂದು ನನಗೆ ಆಶ್ಚರ್ಯವಾಗಲಿಲ್ಲ. ಕಾರಣ ನನಗೆ ಗೊತ್ತಿತ್ತು, ಅಥವಾ ಹನ್ನೆರಡು ವರ್ಷಗಳಿಂದ ಗೊತ್ತಿದೆ ಎಂದುಕೊಂಡಿದ್ದೆ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಒಂದು ಕಡೆ ಆರು ತಿಂಗಳು ನಿಲ್ಲುವ ಜೀವ ಅಲ್ಲ ನನ್ನದು; ಆ ಜೂನ್‌ನಲ್ಲಿ ಮೂರನೆಯ ಕೋಣೆ ಬದಲಾಯಿಸಿ ಧಾರವಾಡದ ಸಪ್ತಾಪುರದ ನೀಲಕ್ಕನವರ ಮನೆಯ ಮಹಡಿಗೆ ಬಂದೆ. ನೀಲಕ್ಕ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಜೊತೆಗೆ ಮಗಳು ಶೈಲಾ. ನನಗಿಂತ ಆರೇಳು ವರ್ಷ ದೊಡ್ಡವಳು, ಊರಲ್ಲೇ ಒಂದು ಕಚೇರಿಯಲ್ಲಿ ಕೆಲಸ. ನಾನು ಅವಳನ್ನು ಶೈಲಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಲೆಕ್ಕದ ಸ್ವಾಮ್ಯಾರು ಎನ್ನುತ್ತಿದ್ದಳು.

ಅಕ್ಕೋರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅರ್ಧ ಗಂಟೆಯ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಹೇಳಿದ್ದರು. ಅವರು ಒಪ್ಪಿರಲಿಲ್ಲ. ಒಪ್ಪುವುದಿಲ್ಲ ಎಂದೂ ಹೇಳಿರಲಿಲ್ಲ. ಅವರು ಕೇಳುತ್ತಿದ್ದರು, ಅಷ್ಟೇ.

ಕೇಳುವುದು ಎಂದರೆ ಹೀಗೆ. ದೇವರ ಮನೆಯ ಜಗುಲಿಯ ಮೇಲೆ ಒಂದು ಗೇಣುದ್ದದ ಕಪ್ಪು ಕಲ್ಲಿನ ವೀರಭದ್ರ. ಅವರ ತವರು ಅಮ್ಮಿನಬಾವಿಯಿಂದ ಮದುವೆಯಲ್ಲಿ ಬಂದದ್ದು. ಸೋಮವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸೇವಂತಿಗೆಯ ತೊಟ್ಟು ಚಿವುಟಿ, ಹೂವನ್ನು ನೀರಿನಲ್ಲಿ ಅದ್ದಿ, ಮೂರ್ತಿಯ ಎರಡು ಹೆಗಲಿಗೂ ಒಂದೊಂದು ಅಂಟಿಸುತ್ತಾರೆ. ಕೆಳಗೆ ಹಿತ್ತಾಳೆಯ ಹರಿವಾಣ. ಮನಸ್ಸಿನ ಮಾತು ಕೇಳಿ ಕಣ್ಣು ಮುಚ್ಚಿ ಕೂಡುತ್ತಾರೆ. ದೇವರ ಬಲ ಹೆಗಲಿನ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ನಮ್ಮ ಕಡೆ ಈ ಪದ್ಧತಿ ಹೊಸದೇನಲ್ಲ. ಮಗುವಿನ ಹೆಸರಿನಿಂದ ಬಾವಿ ತೋಡುವ ಜಾಗದವರೆಗೆ ಎಲ್ಲ ಹೂವಿನ ಮೇಲೆ ನಿರ್ಧಾರವಾದ ಮನೆಗಳಿವೆ.

"ಅಪ್ಪನ ಹೃದಯದ ಆಪರೇಶನ್ ಮುಂದ ಎಡಕ್ಕ ಕೊಟ್ಟಿದ್ದ," ಎಂದು ಶೈಲಕ್ಕ ಮೊದಲ ವಾರವೇ ನನಗೆ ತಿಳಿಸಿದ್ದಳು. "ಕಾಕಾರು ಕೇಳಲಿಲ್ಲ, ಹೂವಿನ ಮಾತ ಏನ ಕೇಳತೀರಿ ಅಂತ ಕರಕೊಂಡ ಹ್ವಾದ್ರು. ಅಪ್ಪ ಟೇಬಲ್ ಮ್ಯಾಲಿಂದ ಏಳಲಿಲ್ಲ. ಅವತ್ತಿಂದ ಅವ್ವ ಹೂ ಬಿಟ್ಟು ಒಂದು ಹೆಜ್ಜಿ ಇಡಂಗಿಲ್ಲ."

ಆ ವರ್ಷ ಹೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಮೊದಲು ನಾನು ಇದನ್ನು ತಮಾಷೆಯಾಗಿ ತೆಗೆದುಕೊಂಡೆ. ಒದ್ದೆ ಹೂ ಒಣಗುತ್ತ ಹಿಡಿತ ಬಿಡುತ್ತದೆ, ಯಾವ ಕಡೆ ಬೇಗ ಒಣಗುತ್ತದೋ ಆ ಕಡೆ ಬೀಳುತ್ತದೆ, ಇದರಲ್ಲಿ ದೇವರಿಗೇನು ಕೆಲಸ. ಒಂದು ಚೌಕಳಿ ಪುಸ್ತಕ ತಂದು ಸೋಮವಾರಗಳ ಪಟ್ಟಿ ಶುರುಮಾಡಿದೆ: ಮಳೆ ಇದೆಯೋ ಇಲ್ಲವೋ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಹೂ ಎಷ್ಟು ಹೊತ್ತು ನಿಂತಿತು. ಮಹಡಿಯ ಮೇಲೆ ಹಳೆಯ ರುಬ್ಬುಗುಂಡು ಬಿದ್ದಿತ್ತು, ಅದೂ ಕಪ್ಪು ಕಲ್ಲು, ಅದೇ ಇಳಿಜಾರು. ಅದೇ ಪೊಟ್ಟಣದ ಹೂ, ಅದೇ ನೀರು. ಗುಂಡಿನ ಮೇಲಿನ ಹೂ ಅರ್ಧ ಗಂಟೆಯೊಳಗೆ ಬಿದ್ದುಬಿಡುತ್ತಿತ್ತು. ಕೆಳಗೆ ದೇವರ ಹೆಗಲಿನದು ಸಂಜೆಯಾದರೂ ಅಲ್ಲೇ. ಮರುದಿನ ಒಣಗಿ ಕಂದಾಗಿ, ಆದರೂ ಅಲ್ಲೇ. ಮಂಗಳವಾರ ಶೈಲಕ್ಕ ಉಗುರಿನಿಂದ ಎಬ್ಬಿಸಿ ತೆಗೆಯಬೇಕಾಗುತ್ತಿತ್ತು. ತೆಗೆದ ಜಾಗದಲ್ಲಿ ಕಲ್ಲಿನ ಮೇಲೆ ತೇವದ ಉಂಗುರ ಉಳಿದಿರುತ್ತಿತ್ತು, ಒಣಗಿದ ಹೂವಿನ ಕೆಳಗೆ.

"ಲೆಕ್ಕದ ಸ್ವಾಮ್ಯಾರ, ನಿಮ್ಮ ಪುಸ್ತಕ ಏನಂತೈತಿ?"

"ಇನ್ನಷ್ಟು ಸೋಮವಾರ ಬೇಕಂತೈತಿ."

"ಹಂಗಾದ್ರ ನೀವೂ ನಮ್ಮವ್ವನ ಪಾರ್ಟಿನ."

ಶ್ರಾವಣ ಬಂತು. ಆ ವರ್ಷ ಮಳೆ ಸುರಿದು ಹೋಗುವ ಮಳೆಯಾಗಿರಲಿಲ್ಲ. ದಿನವಿಡೀ ಜಿನುಗುತ್ತ, ಹಗಲನ್ನೂ ಕಂದು ಮಾಡಿ ಕೂತಿರುತ್ತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬರುವಾಗ ದೇವರ ಮನೆಯಿಂದ ಅಕ್ಕೋರ ಮಾತು ಕೇಳಿತು. "ಹೂಂ... ಹೂಂ... ಆತು... ಅದೂ ಖರೇ." ನಡುನಡುವೆ ಸುಮ್ಮನಾಗುತ್ತಿದ್ದರು, ಆಚೆಯವರ ಮಾತು ಮುಗಿಯಲಿ ಎಂಬಂತೆ. ಫೋನಿನಲ್ಲಿದ್ದಾರೆ ಎಂದುಕೊಂಡೆ. ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿದ್ದು ಕಂಡಿತು. ಅವರು ಗೋಡೆ ಹಿಡಿಯದೆ, ಹೊಸ್ತಿಲು ಎಡವದೆ ಹೊರಗೆ ಬಂದರು.

"ಯಾರ ಜೋಡಿ ಮಾತಾಡಾಕತ್ತಿದ್ರಿ ಅಕ್ಕೋರ?"

"ಮಾತ ಎಲ್ಲಿ ಆಡತಾನ? ಬರೇ ಕೇಳಸ್ಕೋತಾನ," ಎಂದು ಸಿಡುಕಿದರು, ಹೋಮ್‌ವರ್ಕ್ ತಾರದ ಹುಡುಗನ ಬಗ್ಗೆ ಹೇಳುವಂತೆ.

ಸೋಮವಾರ ನಾನು ಪುಸ್ತಕ ಹಿಡಿದು ಅವರ ಪಕ್ಕ ಚಾಪೆಯ ಮೇಲೆ ಕೂಡುವುದು ರೂಢಿಯಾಯಿತು. ಅವರು ನನ್ನ ಬಲಕ್ಕೆ. ನವರಾತ್ರಿಯ ಹೊತ್ತಿಗೆ ಅವರಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಒಂದು ಸೋಮವಾರ ಅವರು ನನ್ನ ಮೊಣಕೈ ಮುಟ್ಟಿ ಹೇಳಿದರು, "ತಮ್ಮಾ, ಸ್ವಲ್ಪ ಈಚೆ ಸರದು ಕೂಡು. ನಿನ್ನ ಎಡಕ್ಕ ಜಾಗಾ ಇರ್ಲಿ."

"ಯಾರಿಗ್ರಿ?"

"ಬರಾವರಿಗೆ."

ಸರಿದೆ. ಹಿರಿಯರ ಮಾತು, ಸರಿದರೆ ನನ್ನ ಗಂಟೇನು ಹೋಗುತ್ತದೆ. ಆದರೆ ಅಂದಿನಿಂದ ಪ್ರತಿ ಸೋಮವಾರ ಚಾಪೆಯ ಆ ಖಾಲಿ ಅಂಚು ನನಗೆ ತೊಂದರೆ ಕೊಡತೊಡಗಿತು. ಆ ಕಡೆಯ ತೋಳು ಮಾತ್ರ ಸುಮ್ಮಸುಮ್ಮನೆ ಬಿಗಿಯುತ್ತಿತ್ತು, ಬಸ್ಸಿನಲ್ಲಿ ಪಕ್ಕದವರಿಗೆ ತಾಗಬಾರದು ಎಂದು ಕುಗ್ಗಿಸಿಕೊಂಡ ಹಾಗೆ.

"ಎರಡೂ ಬೀಳಲಾರದಕ್ಕ ಏನ ಅರ್ಥ ಅಕ್ಕೋರ?" ಎಂದು ಕೇಳಿದೆ.

"ಕಾಯಿ ಅಂತ."

"ಎಲ್ಲೀ ತನಕ?"

"ನಮ್ಮ ಸಾಲ್ಯಾಗ ಹುಡುಗೂರು ಮೂರು ಗಂಟೆದಿಂದನ ಶುರು ಮಾಡತಿದ್ದೂ, ಅಕ್ಕೋರ ಗಂಟಿ ಹೊಡೀರಿ, ಅಕ್ಕೋರ ಗಂಟಿ ಹೊಡೀರಿ ಅಂತ. ನಾ ಹೊಡೀತಿದ್ನೇನು? ಅವರ ಮ್ಯಾಲಿನ ಸಿಟ್ಟಿಗಲ್ಲ. ವ್ಯಾಳ್ಯಾ ನನಗ ಗೊತ್ತಿತ್ತು, ಅವಕ್ಕ ಗೊತ್ತಿರಲಿಲ್ಲ."

"ಕಣ್ಣು ಹ್ವಾದ್ರ?"

"ಅದೂ ಅಂವಗ ಗೊತ್ತೈತಿ."

ಸಂಕ್ರಾಂತಿ ಕಳೆದ ಮೇಲೆ ಎಡಗಣ್ಣು ಕೆಂಪಾಯಿತು. ತಲೆ ಸಿಡಿಯುವ ನೋವು, ವಾಂತಿ. ಶೈಲಕ್ಕ ಅವರನ್ನು ನೋವಿನ ಗುಳಿಗೆಗೆಂದು ಸುಳ್ಳು ಹೇಳಿ ವಿದ್ಯಾನಗರಕ್ಕೆ ಕರೆದುಕೊಂಡು ಹೋದಳು. ಪೊರೆ ಉಬ್ಬಿ ಕಣ್ಣಿನೊಳಗೆ ಒತ್ತಡ ಏರಿದೆ, ಎಡಗಣ್ಣು ಈಗಲೇ ಕೈಬಿಟ್ಟಂತೆ, ಬಲಗಣ್ಣಿಗೂ ಇದೇ ಆಗಬಹುದು, ಇನ್ನು ದಿನಗಳ ಮಾತು ಎಂದರು ವೈದ್ಯರು. ಅಕ್ಕೋರು ಹನಿ ಔಷಧ ಹಾಕಿಸಿಕೊಂಡರು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಕುರ್ಚಿಯಿಂದ ಎದ್ದು ತಾವೇ ಬಾಗಿಲಿನತ್ತ ನಡೆದರು.

ಅಂದು ಸಂಜೆ ಶೈಲಕ್ಕ ನನ್ನ ಮೆಟ್ಟಿಲಿನ ಮೇಲೆ ಕೂತಿದ್ದಳು. ಕಚೇರಿಯ ಚೀಲ ಇನ್ನೂ ಹೆಗಲಲ್ಲೇ ಇತ್ತು.

"ಗಿರೀಶ, ನಿಮಗ ಗೊತ್ತಿರಬೇಕಲ್ಲ, ಹೂ ಹೆಂಗ ಬೀಳತೈತಿ ಅಂತ. ಇಷ್ಟ ದಿನಾ ಬರದೀರಿ."

"ಗೊತ್ತೈತಿ."

"ಹಂಗಾದ್ರ ಕೆಡವ್ರಿ."

"ಅವರು ನನ್ನ ನಂಬಿ ಪಕ್ಕದಾಗ ಕುಂಡ್ರಸ್ಕೊಂಡಾರ ಶೈಲಕ್ಕ."

"ನಂಬ್ಯಾರ ಅಂತನ ಕೇಳಾಕತ್ತೇನಿ." ಅವಳು ಅಳುತ್ತಿರಲಿಲ್ಲ. "ನಾ ಮಾಡೂಣಂದ್ರ ನನ್ನ ಕೈ ಆಕಿಗೆ ಗುರ್ತೈತಿ. ಕಣ್ಣಿಲ್ಲದಿದ್ರೂ ಗುರ್ತು ಹಿಡೀತಾಳ."

ಮುಂದಿನ ಸೋಮವಾರ ನಡೆದದ್ದನ್ನು ನಾನು ಹನ್ನೆರಡು ವರ್ಷ ಹೀಗೆ ನೆನಪಿಟ್ಟಿದ್ದೇನೆ. ಕರೆಂಟು ಇರಲಿಲ್ಲ. ಎಣ್ಣೆ ದೀಪದ ಬೆಳಕು ಮೂರ್ತಿಯ ಮೊಣಕಾಲಿನವರೆಗೆ ಮಾತ್ರ. ಚಳಿ ಇತ್ತು, ಚಾಪೆ ಕೂಡ ತಣ್ಣಗಿತ್ತು. ಅಕ್ಕೋರು ಹೂ ಅಂಟಿಸಿ, "ಅಪ್ಪಾ, ಪೊರಿ ತಗಸಲೇನು," ಎಂದು ಎಂದಿನಂತೆ ಕೇಳಿ ಕಣ್ಣು ಮುಚ್ಚಿದರು. ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ಸಪ್ಪಳ. ಒಂದು ಕೈ ಮುಂದೆ ಚಾಚಿತು, ನನ್ನ ಕೈ. ತೋರುಬೆರಳು ದೇವರ ಬಲ ಹೆಗಲಿನ ಹೂವಿನ ಅಂಚಿಗೆ ತಾಗಿತು. ಒದ್ದೆ, ತಂಪು. ನೂಕಲೂ ಬೇಕಾಗಲಿಲ್ಲ, ಮುಟ್ಟಿದರೆ ಸಾಕು ಎಂದು ಕಾಯುತ್ತಿದ್ದಂತೆ ಬಿತ್ತು. ಹರಿವಾಣದಲ್ಲಿ ಸಣ್ಣ ಸದ್ದು.

"ಕೊಟ್ಟ," ಎಂದರು ಅಕ್ಕೋರು, ಮೂರ್ತಿಯ ಎರಡೂ ಹೆಗಲು ಸವರಿ ನೋಡಿ. ಖುಷಿಯಿಲ್ಲ, ಅಚ್ಚರಿಯಿಲ್ಲ. "ಶೈಲಾ, ರಿಕ್ಷಾ ಕರಿ."

ಎಡಗಣ್ಣು ಮರಳಲಿಲ್ಲ. ಬಲಗಣ್ಣು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದರಂತೆ ವೈದ್ಯರು. ಆರು ತಿಂಗಳು ಮೊದಲೇ ಹೋಗಿದ್ದರೆ ಎರಡೂ ಇರುತ್ತಿದ್ದವು ಎಂದು ನಾನು ಹಲ್ಲು ಕಡಿದೆ. ಪಟ್ಟಿ ಬಿಚ್ಚಿದ ಮೇಲೆ ಅವರು ಮಗಳನ್ನು ನೋಡಿದರು, ಕಿಟಕಿ ನೋಡಿದರು, ಕೊನೆಗೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಹುಬ್ಬು ಗಂಟಿಕ್ಕಿದರು.

"ನೀ ಇಷ್ಟ ಸಣ್ಣಾಂವ ಏನು ತಮ್ಮಾ? ನನ್ನ ಮಗ್ಗಲದಾಗ ಕೂಡ್ರತಿದ್ದಾಂವ ಎತ್ತರ ಇದ್ದ."

ನಾವು ಮೂವರೂ ನಕ್ಕೆವು.

ಪ್ರಬಂಧ ಮುಗಿಸಿ ಮಳೆಗಾಲಕ್ಕೆ ಮೊದಲೇ ಆ ಮನೆ ಬಿಟ್ಟೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪ್ರತಿ ವರ್ಷ ಒಂದು ತರಗತಿಯಲ್ಲಿ, ಹೆಸರು ಹೇಳದೆ, ಈ ಕಥೆಯನ್ನು ಹೇಳುತ್ತ ಬಂದಿದ್ದೇನೆ. ಆ ಮನೆಯಲ್ಲಿ ಅದನ್ನು ದೇವರ ಅಪ್ಪಣೆ ಎಂದು ಇಂದಿಗೂ ನಂಬಿದ್ದಾರೆ, ಆದರೆ ಅಲ್ಲಿದ್ದದ್ದು ಒಬ್ಬ ವಿದ್ಯಾರ್ಥಿಯ ಬೆರಳು, ದಾಖಲೆಯನ್ನು ನಂಬುವ ಮೊದಲು ದಾಖಲೆ ಯಾರ ಕೈಯಿಂದ ಬಂತು ಎಂದು ಕೇಳಿ ಎನ್ನುತ್ತೇನೆ. ಹುಡುಗರು ನಗುತ್ತಾರೆ. ನನಗೆ ಆ ಬೆರಳಿನ ಬಗ್ಗೆ ಸಣ್ಣ ಪಾಪಪ್ರಜ್ಞೆ ಇತ್ತು, ಅದಕ್ಕಿಂತ ದೊಡ್ಡ ಹೆಮ್ಮೆ ಇತ್ತು. ನನ್ನ ಅನುಮಾನಗಳೆಲ್ಲ ಆ ಒಂದು ಖಚಿತದ ಮೇಲೆ ನಿಂತಿದ್ದವು.

ಕಳೆದ ತಿಂಗಳ ಆ ದಿನ, ಎರಡನೆಯ ಸಲದ ಪರೀಕ್ಷೆಯಲ್ಲೂ ನಾನು ಇಲ್ಲದ ಬೆಳಕಿಗೆ ಗುಂಡಿ ಒತ್ತಿದೆ. ಕಣ್ಣಿನ ನರಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಈಗಲೇ ಹೇಳಲು ಬರುವುದಿಲ್ಲ, ಆರು ತಿಂಗಳು ಕಾಯೋಣ ಎಂದರು ವೈದ್ಯರು. ಕಾಯೋಣ ಎಂಬ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಗಂಟೆ ಹೊಡೆಯದ ಅಕ್ಕೋರು ನೆನಪಾದರು. ಅದಾದ ಸೋಮವಾರ ರಜೆ ಹಾಕಿ ಸಪ್ತಾಪುರಕ್ಕೆ ಹೋದೆ.

ಅಕ್ಕೋರು ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು, ಒಂದು ಕಣ್ಣಿನಿಂದ, ಕತ್ತು ಸ್ವಲ್ಪ ಹೊರಳಿಸಿ. ಎಪ್ಪತ್ತೆಂಟರ ಹೆಂಗಸು ನನ್ನನ್ನು ಬಾಗಿಲಲ್ಲೇ ಗುರುತು ಹಿಡಿದರು.

"ಬಾರಪಾ. ಹುಬ್ಬಳ್ಳಿ ಅಂದ್ರ ಲಂಡನ್ ಆತಲ್ಲ ನಿನಗ."

ಶೈಲಕ್ಕ ಚಹಾ ತಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ನಾಲಿಗೆ ಹಾಗೇ ಇತ್ತು. ನನ್ನ ಕಣ್ಣಿನ ವಿಷಯ ಹೇಳಿದೆ. ಆ ಮಾತಿನ ಬೆನ್ನಿಗೇ, ತಡೆದರೆ ಮತ್ತೆ ಆಗುವುದಿಲ್ಲ ಎಂದು, ಹೇಳಬೇಕಾದದ್ದನ್ನು ಹೇಳಿಬಿಟ್ಟೆ.

"ಅಕ್ಕೋರ, ಅವತ್ತಿನ ಹೂ ದೇವರು ಕೊಟ್ಟಿದ್ದಲ್ರಿ. ನಾ ಕೆಡವಿದ್ದೆ."

ಅವರು ಪೇಪರ್ ಮಡಚಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಮಗಳ ಮುಖ ನೋಡಿದರು, ಮಗಳು ಅವರ ಮುಖ.

"ಯಾವತ್ತಿನ ಹೂ?"

"ನಿಮ್ಮ ಆಪರೇಶನ್‌ದ್ದು. ಬಲಕ್ಕ ಬಿತ್ತಲ್ರಿ, ಆ ಸೋಮವಾರ."

"ಆ ಸೋಮವಾರ ನೀ ಎಲ್ಲಿದ್ದಿ? ನಸುಕಿನ್ಯಾಗ ಎದ್ದು ಅಮ್ಮಿನಬಾವಿಗೆ ಹೋಗಿದ್ದಿ. ನಾನ ಕಳಸಿದ್ದೆ. ಪ್ಯಾಟಿ ಹೂ ಒಲ್ಲೆ ಅಂತಾನೋ ಏನೋ, ನಮ್ಮಣ್ಣನ ಹೊಲದ ಹೂ ತಾ ಅಂತ."

ಅಮ್ಮಿನಬಾವಿಗೆ ಹೋದದ್ದು ನನಗೂ ನೆನಪಿದೆ. ಮಂಜಿನಲ್ಲಿ ತೆನೆ ಹೊತ್ತ ಬಿಳಿಜೋಳ, ಅವರ ಅಣ್ಣ ಕುಡುಗೋಲಿನಿಂದ ಹೂ ಕೊಯ್ದು ಒದ್ದೆ ಪಂಚೆಯಲ್ಲಿ ಸುತ್ತಿ ಕೊಟ್ಟದ್ದು. "ಅದು ಹಿಂದಿನ ದಿನ, ರವಿವಾರ. ಆ ಹೂನ ಅಂಟಿಸಿದ್ರಿ," ಎಂದೆ.

"ಇಲ್ರಿ," ಎಂದಳು ಶೈಲಕ್ಕ ಮೆತ್ತಗೆ. "ನೀವು ಬರೂದ್ರಾಗ ಹನ್ನೊಂದಾಗಿತ್ತು. ಅವ್ವ ಕಾಯಲಾರದ ಮನ್ಯಾಗಿದ್ದ ಪ್ಯಾಟಿ ಹೂನ ಅಂಟಿಸಿದ್ಲು. ನಾವು ರಿಕ್ಷಾದಾಗ ಕುಂತಬಿಟ್ಟಿದ್ವಿ. ನೀವೂ ಹಂಗ ಹತ್ತಿದ್ರಿ. ಗಂಟು ಬಿಚ್ಚಲೇ ಇಲ್ಲ. ದವಾಖಾನಿ ತನಕ ಅವ್ವನ ಉಡ್ಯಾಗ ಇತ್ತು."

ರಿಕ್ಷಾದೊಳಗಿನ ಆ ವಾಸನೆ. ಅಕ್ಕೋರ ಮಡಿಲಲ್ಲಿ ಒದ್ದೆ ಪಂಚೆಯ ಗಂಟು, ಅದರಿಂದ ಸೀರೆಗೆ ಇಳಿಯುತ್ತಿದ್ದ ನೀರು. ಅದೂ ನನಗೆ ನೆನಪಿದೆ, ಮೊದಲಿನಿಂದಲೂ ನೆನಪಿತ್ತು. ಹೂವನ್ನು ಬೆಳಿಗ್ಗೆಯೇ ಬಿಚ್ಚಿ ಅಂಟಿಸಿದ್ದರೆ ಆ ಗಂಟು ಇಡಿಯಾಗಿ ರಿಕ್ಷಾಕ್ಕೆ ಹೇಗೆ ಬಂತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಹಂಗಾದ್ರ ನೀವ ಕೆಡವಿದ್ರಿ," ಎಂದೆ ಶೈಲಕ್ಕನಿಗೆ. ನನ್ನ ದನಿ ಏರಿತ್ತು.

"ನಾ ಒಲಿ ಮುಂದ ಇದ್ದೆ, ಹಾಲು ಉಕ್ಕಾಕತ್ತಿತ್ತು. ಇಷ್ಟ ದಿನಾ ನಾ ಏನ ತಿಳಕೊಂಡಿದ್ದೆ ಅಂದ್ರ, ನೀವು ಹೋಗೂ ಮುಂದ ಮೂರ್ತಿಗೆ ಎಣ್ಣಿಗಿಣ್ಣಿ ಹಚ್ಚಿಟ್ಟು ಹೋಗೀರಿ ಅಂತ."

"ನಾ ಏನೂ ಹಚ್ಚಿಲ್ಲ."

"ಅದ ಮತ್ತ."

ಅವಳು ಒಳಗೆ ಹೋಗಿ ನನ್ನ ಚೌಕಳಿ ಪುಸ್ತಕ ತಂದಳು. ಕೋಣೆ ಬಿಡುವಾಗ ಬಿಟ್ಟುಹೋಗಿದ್ದೆನಂತೆ. ಲೆಕ್ಕದ ಪುಸ್ತಕ, ಒಗೀಬ್ಯಾಡ ಎಂದಿದ್ದರಂತೆ ಅಕ್ಕೋರು. ಸೋಮವಾರಗಳೆಲ್ಲ ನನ್ನ ಸಣ್ಣ ಅಕ್ಷರದಲ್ಲಿ ಸಾಲಾಗಿ ಕೂತಿದ್ದವು. ಕೊನೆಯ ಸಾಲಿಗೆ ಬೆರಳಿಟ್ಟೆ. ಮಳೆಯ ಕಾಲಂ ಖಾಲಿ, ಕಿಟಕಿಯ ಕಾಲಂ ಖಾಲಿ. ಮುಂದೆ, ನನ್ನದೇ ಕೈಬರಹ: ಅಮ್ಮಿನಬಾವಿಗೆ. ನೋಡಿಲ್ಲ.

ಪುಸ್ತಕವನ್ನು ಮುಚ್ಚಿ ತೆರೆದು ಮತ್ತೆ ನೋಡಿದೆ. ಶೈಲಕ್ಕ ಹಾಲಿನ ಮಾತು ಎಂದೋ ನನಗೆ ಹೇಳಿರಬಹುದು, ನಾನು ಅದನ್ನು ನೆನಪಿನೊಳಗೆ ಹೊಲಿದುಕೊಂಡಿರಬಹುದು. ಮಾಡಬೇಕು ಎಂದು ವಾರವಿಡೀ ಯೋಚಿಸಿದ ಕೆಲಸವನ್ನು ಮಾಡಿದೆನೆಂದು ನಂಬಿರಬಹುದು. ಆದರೆ ಬೆರಳ ತುದಿಯ ತಂಪನ್ನು ಯಾರು ಹೇಳಿಕೊಟ್ಟರು?

"ಅವತ್ತು ಚಾಪಿ ಸಪ್ಪಳಾತು," ಎಂದರು ಅಕ್ಕೋರು. "ಮಗ್ಗಲದಾಗ ಯಾರೋ ಕುಂತಂಗಾತು. ನೀ ಹೋಗೇ ಇಲ್ಲ, ಬಸ್ ತಪ್ಪಿರಬೇಕು ಅಂತ ತಿಳದೆ. ತಮ್ಮಾ, ಸ್ವಲ್ಪ ಈಚೆ ಸರಿ ಅಂತನೂ ಅಂದೆ. ಸರೀಲಿಲ್ಲ."

ನಾನು ಆ ನೆನಪನ್ನು ಮತ್ತೊಮ್ಮೆ ಮೊದಲಿನಿಂದ ನೋಡುತ್ತಿದ್ದೆ. ನಮ್ಮ ಎದುರಿಗೆ ಕೂತ ದೇವರ ಬಲ ಹೆಗಲು ನಮಗೆ ಎಡಕ್ಕೆ ಬರುತ್ತದೆ. ಹೂವಿನತ್ತ ಚಾಚಿದ ಆ ಕೈ ಎಡಗಡೆಯಿಂದ ಬಂದಿತ್ತು. ನನ್ನ ಎಡತೋಳು ಎಂದಿನಂತೆ ಕುಗ್ಗಿಕೊಂಡೇ ಇತ್ತು.

"ಏಳು," ಎಂದರು ಅಕ್ಕೋರು. "ಇವತ್ತೂ ಸೋಮವಾರನ. ಪೂಜಿ ಆಗೇತಿ, ಹೂ ಅದಾವ. ನಿನ್ನ ಕಣ್ಣಿನ ಮಾತು ಕೇಳೂಣು."

"ಡಾಕ್ಟರು ಆರು ತಿಂಗಳು ಕಾಯಿ ಅಂದಾರ್ರಿ."

"ಕಾಯಿ. ಯಾರ ಬ್ಯಾಡ ಅಂದ್ರು? ಕೂತು ಕಾಯಿ."

ಬೇಡ ಎನ್ನಲು ಬಾಯಿ ತೆರೆದೆ. ಎದ್ದದ್ದು ಮಾತ್ರ ಕಾಲು. ದೇವರ ಮನೆಯಲ್ಲಿ ಈಗ ಬಲ್ಬು ಇದೆ, ಆದರೂ ಮೂರ್ತಿಯ ಮುಖ ನೆರಳಿನಲ್ಲೇ ಇತ್ತು. ಅಕ್ಕೋರು ಹೂ ಅದ್ದಿ ಎರಡು ಹೆಗಲಿಗೂ ಅಂಟಿಸಿ, ನನ್ನ ಹೆಸರು ಹೇಳಿ, ನನ್ನ ಬಲಕ್ಕೆ ಕೂತು ಇದ್ದೊಂದು ಕಣ್ಣನ್ನೂ ಮುಚ್ಚಿದರು. ಶೈಲಕ್ಕ ಬಾಗಿಲಲ್ಲಿ ನಿಂತಿದ್ದಳು. ಎರಡು ಕೈಯಲ್ಲೂ ಚಹಾದ ಕಪ್ಪುಗಳಿದ್ದವು, ನಾನು ಗಮನಿಸಿ ನೋಡಿದೆ. ಆಮೇಲೆ ನನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟು, ಅವುಗಳ ಮೇಲೆ ಭಾರ ಬಿಟ್ಟು ಕುಳಿತೆ.

ಹೂ ಬೀಳಲಿಲ್ಲ. ಎಷ್ಟು ಹೊತ್ತಾಯಿತೋ. ಯಾರೂ ಹೇಳಲಿಲ್ಲ, ಆದರೂ ಸ್ವಲ್ಪ ಬಲಕ್ಕೆ ಸರಿದು ಎಡಕ್ಕೆ ಜಾಗ ಬಿಟ್ಟೆ.